ಬಂದವರ ಧರ್ಮ, ಇದ್ದವರ ಧರ್ಮ

ಮನೆಯೆಂಬುದು ಬೇರೆ, ನೆಲೆಯೆಂಬುದು ಬೇರೆ. ಬಡಗಿಯೂ ಗಾರೆಯವನೂ ಕೂಡಿ ಮನೆಯನ್ನು ಕೆಲವು ತಿಂಗಳುಗಳಲ್ಲಿ ಕಟ್ಟಿ ಮುಗಿಸಬಲ್ಲರು. ನೆಲೆಯನ್ನು ಹಾಗೆ ಕಟ್ಟಲು ಬಾರದು. ಕಾಹಿಲೆಯ ರಾತ್ರಿಯಲ್ಲಿ ಕೂಗಿದರೆ ಓಗೊಡುವ ನೆರೆಯವರು, ಮದುವೆಯ ಚಪ್ಪರಕ್ಕೆ ಕರೆಯದೆಯೇ ಬಂದು ಕೈಹಚ್ಚುವ ಊರಿನವರು, ಹುಡುಗನ ಮುಖ ಕಂಡೊಡನೆ ‘ಇಂಥವರ ಮೊಮ್ಮಗನಲ್ಲವೇ’ ಎಂದು ಗುರುತಿಸುವ ಹಿರಿಯರು, ಉತ್ತ ನೆಲದ ಮೇಲೆ ನಿಸ್ಸಂಶಯವಾದ ಹಕ್ಕು, ಇವೆಲ್ಲ ಸೇರಿದರೆ ನೆಲೆ. ಹುಟ್ಟಿದ ಊರಿನಲ್ಲಿಯೇ ಬಾಳುವವನಿಗೆ ಇವು ಅಪ್ರಯತ್ನವಾಗಿ ದೊರೆತಿರುವುದರಿಂದ ಅವನು ಅವುಗಳ ಬೆಲೆಯನ್ನು ಎಣಿಸುವುದಿಲ್ಲ. ಅವೆಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಂಡು ಪರಸ್ಥಳಕ್ಕೆ ಬಂದಿಳಿದ ಸಂಸಾರಕ್ಕೆ ಅದರ ಬೆಲೆ ತಿಳಿದಿರುತ್ತದೆ.

ಪರದೇಶವೆಂದೊಡನೆ ಸಮುದ್ರದ ಆಚೆಯ ದೇಶವೇ ನೆನಪಾಗುವುದು ಸಹಜ. ಆದರೆ ಪರದೇಶಿಯಾಗಲು ಹಡಗನ್ನಾಗಲಿ ವಿಮಾನವನ್ನಾಗಲಿ ಹತ್ತಬೇಕಾದದ್ದಿಲ್ಲ. ಒಂದೇ ಜಿಲ್ಲೆಯೊಳಗೆ, ಒಂದೇ ಭಾಷೆಯನ್ನಾಡುವ ಜನರ ನಡುವೆ, ಒಂದು ಹಗಲಿನ ಪ್ರಯಾಣದಲ್ಲಿ ಪರದೇಶಿಗಳಾದ ಸಾವಿರಾರು ಕುಟುಂಬಗಳು ಶಿವಮೊಗ್ಗ ಸೀಮೆಯಲ್ಲಿವೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಆಯನೂರು ಮತ್ತು ಅದರ ಮುಂದಿನ ಕುಂಸಿಯ ಸುತ್ತಣ ಕಾಡಂಚಿನ ಊರುಗಳಲ್ಲಿ ಇಂದಿಗೂ ಕೆಲವು ಮನೆತನಗಳನ್ನು ‘ಮುಳುಗಡೆಯವರು’ ಎಂದು ಕರೆಯುವ ವಾಡಿಕೆಯುಂಟು. ಈ ಹೆಸರು ಹೇಗೆ ಬಂದಿತು, ಅದು ಏಕೆ ಇನ್ನೂ ಉಳಿದಿದೆ, ಅದರಿಂದ ಗೃಹಸ್ಥನು ಕಲಿಯತಕ್ಕದ್ದೇನು ಎಂಬುದು ಇಲ್ಲಿನ ವಿಚಾರ.

ನೀರು ಏರಿದ ಕಥೆ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುವ ನದಿ. ಇದರ ಬೀಳಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಸಲುವಾಗಿ ಮೈಸೂರು ಸಂಸ್ಥಾನದವರು ಹಿರೇಭಾಸ್ಕರದಲ್ಲಿ ಕಟ್ಟಿಸಿದ ಅಣೆಕಟ್ಟು 1948ರಲ್ಲಿ ಮುಗಿಯಿತು. ಆಗಲೇ ಕೆಲವು ಹಳ್ಳಿಗಳು ನೀರಿನ ಪಾಲಾದವು. ಆಮೇಲೆ ಅದಕ್ಕಿಂತ ಬಹು ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಸಿದ್ಧವಾಯಿತು. ಸಮುದ್ರಮಟ್ಟದಿಂದ 1819 ಅಡಿ ಎತ್ತರದವರೆಗೆ ನೀರು ನಿಲ್ಲುವ ಈ ಜಲಾಶಯದ ಹಿಡಿತ ಸುಮಾರು 151 ಟಿ.ಎಂ.ಸಿ.; ತುಂಬಿದಾಗ ಅದು ಸುಮಾರು 300 ಚದರ ಕಿಲೋಮೀಟರು ನೆಲವನ್ನು ಮುಚ್ಚುತ್ತದೆ. ಹಳೆಯ ಹಿರೇಭಾಸ್ಕರದ ಅಣೆಕಟ್ಟು ಕೂಡ ಇದರ ಒಡಲೊಳಗೆ ಮುಳುಗಿತು. ನೀರು ಬಹಳ ಇಳಿದ ಬೇಸಗೆಯಲ್ಲಿ ಮಾತ್ರ ಅದು ಮೇಲೆದ್ದು ಕಾಣುತ್ತದೆ.

ಮುಳುಗಿದ್ದು ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳ ಗದ್ದೆ, ಅಡಕೆಯ ತೋಟ, ಕೆರೆ, ಗುಡಿ, ಗೋರಿಗಳು. ಎದ್ದು ಬಂದವರಲ್ಲಿ ಎಲ್ಲ ಜಾತಿ ಮತಗಳವರೂ ಇದ್ದರು. ಅವರಲ್ಲಿ ನೆಲದ ಒಡೆಯರು ಕೆಲವರು, ಗೇಣಿಗೆ ಉಳುವವರು ಬಹುಮಂದಿ. ಗೇಣಿದಾರರ ಹಕ್ಕಿಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ಸೀಮೆಯಲ್ಲಿ. ಉಳುವವನಿಗೇ ಭೂಮಿಯ ಒಡೆತನವನ್ನು ಕೊಟ್ಟ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನೀರು ಏರಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಆದುದರಿಂದ ಪರಿಹಾರದ ಹಣವು ಪತ್ರದಲ್ಲಿ ಹೆಸರಿದ್ದ ಒಡೆಯನಿಗೆ ಸಂದು, ತಲೆಮಾರುಗಳಿಂದ ಉತ್ತವನು ಬರಿಗೈಯಲ್ಲಿ ಎದ್ದುಹೋದ ಪ್ರಸಂಗಗಳುಂಟು. ಶರಾವತಿ ಯೋಜನೆಯಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿ ದುಡಿದ ಸಾಗರದ ನಾ. ಡಿಸೋಜಾ ಅವರು ಈ ಸಂಕಟವನ್ನೇ ವಸ್ತುವಾಗಿಸಿ ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದರು.

ಎದ್ದ ಕುಟುಂಬಗಳಿಗೆ ಬೇರೆ ಬೇರೆ ಕಡೆ ಅರಣ್ಯವನ್ನು ಬಿಡಿಸಿ ಜಾಗ ತೋರಿಸಲಾಯಿತು. ಶಿವಮೊಗ್ಗ ತಾಲ್ಲೂಕಿನ ಕಾಡುಗಳು ಅವುಗಳಲ್ಲಿ ಮುಖ್ಯವಾದವು. ಮನೆಯ ಹಂಚು, ತೊಲೆ, ಕಂಬ, ಬಾಗಿಲುವಾಡಗಳನ್ನು ಬಿಚ್ಚಿ, ದವಸ, ಪಾತ್ರೆ, ಮುದುಕರು, ಮಕ್ಕಳು ಎಲ್ಲವನ್ನೂ ಲಾರಿಗೆ ಹೇರಿ ಜನರು ಬಂದಿಳಿದರು. ದನಗಳನ್ನು ನಡೆಸಿಕೊಂಡು ಬಂದವರೂ ಇದ್ದರು. ಬಂದು ನೋಡಿದರೆ ಮರಗಳಲ್ಲದೆ ಮತ್ತೇನೂ ಇಲ್ಲ. ಮೊದಲು ಗುಡಿಸಲು, ಆಮೇಲೆ ಬಾವಿ, ಆಮೇಲೆ ಬೇಲಿ, ಆಮೇಲೆ ಹೊಲ ಎಂಬ ಕ್ರಮದಲ್ಲಿ ಬದುಕನ್ನು ಬುಡದಿಂದ ಹೂಡಬೇಕಾಯಿತು. ಜ್ವರ ಒಂದು ಕಡೆ, ಕಾಡುಹಂದಿಗಳ ಕಾಟ ಇನ್ನೊಂದು ಕಡೆ. ಎಲ್ಲಕ್ಕಿಂತ ಹೆಚ್ಚಿನ ಕಷ್ಟವೆಂದರೆ, ತಿಳಿದ ಬೇಸಾಯ ಇಲ್ಲಿಗೆ ಒಗ್ಗಲಿಲ್ಲ. ಶರಾವತಿಯ ಕಣಿವೆ ಜಡಿಮಳೆಯ ನಾಡು. ಆಯನೂರಿನ ಸೀಮೆಯಾದರೋ ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಅಂಚು. ಇಲ್ಲಿಯ ಮಳೆ ಅಲ್ಲಿಯದಕ್ಕಿಂತ ಬಹಳ ಕಡಿಮೆ. ಅಬ್ಬಿಯ ನೀರನ್ನು ಹಾಯಿಸಿ ತೋಟ ಮಾಡಿದವನು ಇಲ್ಲಿ ಮೋಡವನ್ನು ನೋಡುತ್ತ ಕುಳಿತುಕೊಳ್ಳಬೇಕಾಯಿತು. ಇಂದು ಆ ಹೊಲಗಳಲ್ಲಿ ಮೆಕ್ಕೆಜೋಳ, ಶುಂಠಿ, ಕೊಳವೆಬಾವಿಯ ನೀರಿನ ಅಡಕೆ ಕಾಣುತ್ತವೆಯೆಂದರೆ, ಅದರ ಹಿಂದೆ ಒಂದು ತಲೆಮಾರು ಹೊಸ ಮಣ್ಣಿನ ಗುಣವನ್ನು ಅಕ್ಷರಾಭ್ಯಾಸದಂತೆ ಕಲಿತ ಶ್ರಮವಿದೆ.

ಬಂದವರ ಧರ್ಮ

ಹೀಗೆ ಬಂದ ಸಂಸಾರವು ನೆಲೆಗೊಳ್ಳುವ ಬಗೆ ಹೇಗೆ? ಈ ಪ್ರಶ್ನೆಗೆ ಶರಣರ ಚರಿತ್ರೆಯಲ್ಲಿ ಉತ್ತರವಿದೆ. ಏಕೆಂದರೆ 12ನೆಯ ಶತಮಾನದ ಕಲ್ಯಾಣವು ಬಂದವರಿಂದಲೇ ತುಂಬಿದ ಪಟ್ಟಣ. ಬಸವಣ್ಣನವರು ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಮಂಗಳವೇಡೆಯ ಮಾರ್ಗವಾಗಿ ಅಲ್ಲಿಗೆ ಬಂದವರು. ಅಲ್ಲಮಪ್ರಭುದೇವರು ಬಳ್ಳಿಗಾವಿಯವರು, ಅಕ್ಕಮಹಾದೇವಿಯು ಉಡುತಡಿಯವಳು. ಈ ಎರಡು ಊರುಗಳೂ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದವನೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಅರಸನಾಗಿದ್ದವನು ಇಲ್ಲಿ ಕಾಡಿಗೆ ಹೋಗಿ ಸೌದೆ ಕಡಿದು, ಹೊರೆಯನ್ನು ತಲೆಯ ಮೇಲೆ ಹೊತ್ತು ಮಾರಿ, ಅದರಿಂದಲೇ ಜಂಗಮದಾಸೋಹವನ್ನು ನಡೆಸಿದನು. ಅವನ ಬಡತನವನ್ನು ಕಂಡು ಮರುಗಿದ ಬಸವಣ್ಣನವರು ಗುಟ್ಟಾಗಿ ಹೊನ್ನನ್ನಿರಿಸಿ ಹೋದಾಗ, ಅದನ್ನು ಅವನು ಮನೆಯಲ್ಲಿ ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟುಬಿಟ್ಟನಂತೆ. ಈ ಕಥೆಯಲ್ಲಿ ಪರಸ್ಥಳಕ್ಕೆ ಬಂದ ಗೃಹಸ್ಥನಿಗೆ ಎರಡು ಪಾಠಗಳಿವೆ. ಹಿಂದಿನ ಊರಿನ ಅಂತಸ್ತನ್ನು ಹೊಸ ಊರಿಗೆ ಹೊತ್ತು ತರಬಾರದೆಂಬುದು ಒಂದು. ಮರುಕದಿಂದ ಬಂದ ಹಣಕ್ಕಿಂತ ಮೈಮುರಿದು ದುಡಿದ ಕಾಸೇ ಮನೆಯನ್ನು ಬೇರೂರಿಸುತ್ತದೆಂಬುದು ಇನ್ನೊಂದು.

ಮೂರನೆಯ ಪಾಠವನ್ನು ಒಬ್ಬ ಗೃಹಿಣಿಯಿಂದ ಕಲಿಯಬೇಕು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲಸಿದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಪರಸ್ಥಳದಲ್ಲಿ ಬಾಳುವವರನ್ನು ಅಂಜಿಕೆಯು ಬಿಡದೆ ಕಾಡುತ್ತದೆ. ನಾಳೆ ಏನಾಗುವುದೋ ಎಂಬ ಅಂಜಿಕೆ ಕೂಡಿಡುವ ಆಸೆಯಾಗುತ್ತದೆ. ಆಸೆ ಬೆಳೆದರೆ ನೆರೆಯವನ ಗಡಿ ಒತ್ತುವುದಕ್ಕೂ, ಊರೊಟ್ಟಿನ ನೆಲವನ್ನು ಕಬಳಿಸುವುದಕ್ಕೂ ಮನಸ್ಸು ಹೇಸದು. ಲಕ್ಕಮ್ಮನು ಆ ಅಂಜಿಕೆಯನ್ನು ಬಾಗಿಲಲ್ಲಿಯೇ ತಡೆದಳು. ಹೊಸ ಊರಿನಲ್ಲಿ ಸಂಸಾರದ ಮಾನವನ್ನು ಕಾಯುವ ಅಳತೆಗೋಲು ಎಷ್ಟೋ ಸಲ ಮನೆಯಾಕೆಯ ಕೈಯಲ್ಲಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಕಾಡನ್ನು ಕಡಿದು ಹೊಲ ಮಾಡಿದ ಮುಳುಗಡೆಯ ಕುಟುಂಬಗಳಿಗೂ ಇದೇ ಪರೀಕ್ಷೆ ಒದಗಿತು. ಸುತ್ತಣ ಹಳ್ಳಿಗಳ ದನಗಳು ಮೇಯುತ್ತಿದ್ದ ನೆಲ, ಅಲ್ಲಿಯ ಹೆಂಗಸರು ಸೌದೆಗೂ ಸೊಪ್ಪಿಗೂ ಹೋಗುತ್ತಿದ್ದ ಕಾಡು ಇವರ ಪಾಲಿಗೆ ಬಂದಿತು. ಇವರು ಕೇಳಿ ಪಡೆದದ್ದಲ್ಲ, ಇವರಿಗೆ ತೋರಿಸಿಕೊಟ್ಟದ್ದು. ಆದರೂ ಕಳೆದುಕೊಂಡವರ ಕಣ್ಣಿಗೆ ಎದುರು ಕಾಣುತ್ತಿದ್ದವರು ಇವರೇ. ಇಂಥ ಸ್ಥಳದಲ್ಲಿ ಹಾದಿಯನ್ನು ಮುಚ್ಚದೆ ಬಿಟ್ಟ ಬೇಲಿ, ನೆರೆಯೂರಿನ ದನಕ್ಕೂ ತೆರೆದಿಟ್ಟ ನೀರಿನ ಗುಂಡಿ, ಇವುಗಳು ಮಾತಿಗಿಂತ ಹೆಚ್ಚಿನ ಕೆಲಸ ಮಾಡುತ್ತವೆ.

ಇದ್ದವರ ಧರ್ಮ

ಬಂದವರಿಗೆ ಮಾತ್ರವೇ ಧರ್ಮವನ್ನು ಹೇಳಿ ನಿಲ್ಲಿಸಿದರೆ ಅದು ಅರ್ಧ ಪಾಠ. ಇದ್ದವರ ಧರ್ಮವು ಅದಕ್ಕಿಂತ ಕಠಿಣವಾದುದು; ಏಕೆಂದರೆ ಅದನ್ನು ಮಾಡದಿದ್ದರೂ ಕೇಳುವವರಿಲ್ಲ.

ದೃಷ್ಟಾಂತಕ್ಕಾಗಿ ಒಂದು ಸಣ್ಣ ಸಂಗತಿಯನ್ನು ಭಾವಿಸಬಹುದು. ಹೊಸದಾಗಿ ಬಂದಿಳಿದ ಮನೆಯ ಸೊಸೆಯು ಸಂಜೆ ಹಾಲು ಕಾಯಿಸಿ, ಹೆಪ್ಪಿಗೆ ಮಜ್ಜಿಗೆಯಿಲ್ಲದೆ ಕಂಗೆಡುತ್ತಾಳೆ. ಹೆಪ್ಪು ಅಂಗಡಿಯಲ್ಲಿ ಸಿಕ್ಕದು. ಅದನ್ನು ನೆರೆಮನೆಯಿಂದಲೇ ಬೇಡಬೇಕು. ಬಟ್ಟಲು ಹಿಡಿದು ಅರ್ಧ ಹರದಾರಿಯ ಹಳ್ಳಿಗೆ ನಡೆದು, ಗುರುತಿಲ್ಲದ ಮನೆಯ ಜಗಲಿಯ ಕೆಳಗೆ ನಿಂತು, ‘ಅಮ್ಮಾ, ಒಂದು ಚೂರು ಹೆಪ್ಪು ಕೊಡುತ್ತೀರಾ’ ಎನ್ನುತ್ತಾಳೆ. ಒಳಗಿನ ಮುದುಕಿಯು ‘ಯಾರ ಕಡೆಯವಳೇ ನೀನು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ‘ಒಳಗೆ ಬಾ ತಾಯಿ, ಕೂತುಕೋ’ ಎಂದರೆ, ಅಂದು ಆ ಮನೆಯ ಹಾಲು ಹೆಪ್ಪಾಗುವುದಷ್ಟೇ ಅಲ್ಲದೆ ಎರಡು ಮನೆಗಳ ಬಳಕೆಯೂ ಮೊದಲಾಗುತ್ತದೆ. ಮಾರನೆಯ ವಾರ ಅದೇ ಬಟ್ಟಲು ಉಪ್ಪಿನಕಾಯಿಯನ್ನು ಹೊತ್ತು ಹಿಂದಿರುಗುತ್ತದೆ. ಬಟ್ಟಲು ಬರಿದಾಗಿ ಹಿಂದಿರುಗಿದರೆ ಆ ಸೊಸೆಯು ಮತ್ತೊಮ್ಮೆ ಆ ಹಾದಿ ಹಿಡಿಯಲಾರಳು. ಕೊಟ್ಟವಳಿಗೆ ಒಂದು ಚಮಚ ಮಜ್ಜಿಗೆಯಿಂದ ನಷ್ಟವೇನೂ ಇಲ್ಲ. ದಾಸೋಹವೆಂಬ ದೊಡ್ಡ ಶಬ್ದದ ಮೊದಲ ಅಕ್ಷರ ಮಾತ್ರ ಇಂಥಲ್ಲಿಯೇ ಇದೆ. ಪಂಕ್ತಿಯಲ್ಲಿ ಬಡಿಸುವುದು ಹಬ್ಬದ ದಾಸೋಹ. ಗುರುತಿಲ್ಲದವರಿಗೆ ಹೆಪ್ಪು ಕೊಡುವುದು ನಿತ್ಯದ ದಾಸೋಹ.

ಆದರೆ ಸಜ್ಜನರ ಊರಿನಲ್ಲಿಯೂ ಬಂದವರನ್ನು ಕಾಣದೆ ಉಳಿಯುವ ಮರೆವು ಸಂಭವಿಸಬಹುದು. ಇದಕ್ಕೆ ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಪ್ರಸಂಗವೇ ಸಾಕ್ಷಿ. ದೂರದ ದೇಶದಿಂದ ಬಂದ ಆ ಮಹಾನುಭಾವನು ಬಸವಣ್ಣನವರ ಮಹಾಮನೆಯಲ್ಲಿಯೇ ಹನ್ನೆರಡು ವರ್ಷಗಳ ಕಾಲ ಪ್ರಸಾದವನ್ನು ಸೇವಿಸುತ್ತ, ಯಾರ ಗಮನಕ್ಕೂ ಬಾರದೆ ಇದ್ದನು. ಪ್ರಭುದೇವರು ಬಂದು ಬೆರಳು ಮಾಡಿ ತೋರಿದ ಮೇಲೆಯೇ ಉಳಿದವರ ಕಣ್ಣು ತೆರೆಯಿತು. ತಮ್ಮ ಅಂಗಳದಲ್ಲಿದ್ದವನನ್ನು ಇಷ್ಟು ಕಾಲ ಕಾಣದೆ ಹೋದೆವಲ್ಲಾ ಎಂದು ಶರಣರು ಪರಿತಪಿಸಿದರು. ಅನ್ನಕ್ಕೆ ಕೊರತೆಯಿಲ್ಲದ ಮನೆ, ಹೃದಯಕ್ಕೆ ಕೊರತೆಯಿಲ್ಲದ ಯಜಮಾನ. ಆದರೂ ಹನ್ನೆರಡು ವರ್ಷ ಗುರುತು ಸಿಕ್ಕಲಿಲ್ಲ. ಈ ಪ್ರಸಂಗವನ್ನು ಮರುಳಶಂಕರನ ನಿಷ್ಠೆಯ ಕಥೆಯೆಂದು ಮಾತ್ರ ಓದುವುದು ರೂಢಿ. ಇದ್ದವರಿಗೆ ಹೇಳಿದ ಎಚ್ಚರಿಕೆಯೆಂದೂ ಇದನ್ನು ಓದತಕ್ಕದ್ದು. ಉಣಬಡಿಸುವುದು ಒಂದು, ಗುರುತಿಸುವುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದು ಪೂರ್ಣವಾಗದು.

ಹನ್ನೆರಡು ವರ್ಷಕ್ಕೇ ಶರಣರು ಪರಿತಪಿಸಿದರೆಂದ ಮೇಲೆ, ಅರವತ್ತು ವರ್ಷ ಕಳೆದರೂ ಒಂದು ಮನೆತನವನ್ನು ‘ಮುಳುಗಡೆಯವರು’ ಎಂದೇ ಕರೆಯುವ ಊರು ಏನೆನ್ನಬೇಕು? ಮುಳುಗಡೆಯಾದದ್ದು ಅಜ್ಜನ ಗದ್ದೆ. ಮೊಮ್ಮಗನು ಹುಟ್ಟಿದ್ದು ಆಯನೂರಿನ ಸೀಮೆಯಲ್ಲಿ, ಓದಿದ್ದು ಇಲ್ಲಿಯ ಶಾಲೆಯಲ್ಲಿ, ಹೆಣ್ಣು ತಂದದ್ದು ಇಲ್ಲಿಯ ನೆರೆಯೂರಿನಿಂದ. ಶರಾವತಿಯ ಕಣಿವೆಯನ್ನು ಅವನು ಕಣ್ಣಿನಿಂದ ಕಂಡೇ ಇಲ್ಲ. ಹೀಗಿದ್ದೂ ಹೆಸರು ಅಂಟಿಕೊಂಡಿದೆಯೆಂದರೆ, ಅದನ್ನು ಬಿಡಬೇಕಾದವರು ಕರೆಯುವವರೇ ಹೊರತು ಕರೆಯಿಸಿಕೊಳ್ಳುವವರಲ್ಲ.

ಕಾಗದದ ನೆಲೆ

ನೆರೆಯವರು ಗುರುತಿಸಿದರೂ ನಾಡು ಗುರುತಿಸದಿದ್ದರೆ ನೆಲೆಯು ಅಸ್ಥಿರ. ಮುಳುಗಡೆಯ ಕುಟುಂಬಗಳ ಬಹುಕಾಲದ ದುಃಖ ಇದೇ. ಕಾಡನ್ನು ತೋರಿಸಿ ಉಳಲು ಹೇಳಿದ ಕಾಲದಲ್ಲಿ ಆ ನೆಲವನ್ನು ಅರಣ್ಯದ ದಾಖಲೆಯಿಂದ ಬಿಡಿಸುವ ಕೆಲಸವು ಅನೇಕ ಕಡೆ ಪೂರ್ತಿಯಾಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಅರಣ್ಯಭೂಮಿಯನ್ನು ಬೇರೆ ಉಪಯೋಗಕ್ಕೆ ಬಿಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಅವಶ್ಯವಾಯಿತು. ಆ ಅನುಮತಿಯಿಲ್ಲದೆ ರಾಜ್ಯ ಸರ್ಕಾರವು ಮುಂದೆ ಹೊರಡಿಸಿದ ಆದೇಶಕ್ಕೆ 2021ರಲ್ಲಿ ಉಚ್ಚ ನ್ಯಾಯಾಲಯದ ಮನ್ನಣೆ ದೊರೆಯಲಿಲ್ಲ. ಅಂಥ ಇತರ ಆದೇಶಗಳನ್ನೂ ಸರ್ಕಾರವು ಬಳಿಕ ಹಿಂತೆಗೆದುಕೊಂಡಿತು. ಪಹಣಿಯಲ್ಲಿ ಅರಣ್ಯವೆಂದಿರುವ ಹೊಲಕ್ಕೆ ಬ್ಯಾಂಕಿನ ಸಾಲ ದುರ್ಲಭ, ಅಣ್ಣತಮ್ಮಂದಿರ ಪಾಲುಪಟ್ಟಿ ದುರ್ಲಭ, ಮಗಳ ಮದುವೆಗೆ ಆಧಾರ ಮಾಡುವುದೂ ದುರ್ಲಭ. ನಾಡಿಗೆ ದೀಪ ಹತ್ತಲೆಂದು ತಮ್ಮ ಒಲೆಯನ್ನು ನೀರಿಗೆ ಬಿಟ್ಟುಕೊಟ್ಟವರ ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು.

ಕಾಡಿನ ರಕ್ಷಣೆಯು ಬೇಡವೆಂದು ವಿವೇಕಿಗಳಾರೂ ಹೇಳರು. ಮಲೆನಾಡಿನ ಮಳೆಗೂ ಹೊಳೆಗೂ ಕಾಡೇ ಮೂಲ. ಆದರೆ ಇಲ್ಲಿ ಕಾಡನ್ನು ಕದ್ದವರು ಬೇರೆ, ಕಾಡಿಗೆ ಕಳುಹಿಸಲ್ಪಟ್ಟವರು ಬೇರೆ ಎಂಬ ವಿವೇಚನೆ ಆವಶ್ಯಕ. ಕೊಟ್ಟ ಮಾತನ್ನು ನಡೆಸುವುದು ವ್ಯಕ್ತಿಗೆ ಹೇಗೋ ಪ್ರಭುತ್ವಕ್ಕೂ ಹಾಗೆಯೇ ಧರ್ಮ. ನೀರಿನ ಆಚೆ ಉಳಿದುಕೊಂಡವರ ಪಾಡನ್ನೂ ಇಲ್ಲಿ ನೆನೆಯತಕ್ಕದ್ದು. ತುಮರಿ, ಸಿಗಂದೂರಿನ ಕಡೆಯವರು ದಶಕಗಳ ಕಾಲ ಲಾಂಚನ್ನು ಕಾದು ಹಿನ್ನೀರನ್ನು ದಾಟುತ್ತಿದ್ದರು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ. ತಡವಾದರೂ ಸಂದ ಋಣವು ಋಣಮುಕ್ತಿಯೇ; ಆದರೆ ಆ ತಡದಲ್ಲಿ ಎರಡು ತಲೆಮಾರು ಕಳೆದುಹೋಗಿತ್ತು.

ಕಡಲಾಚೆಯ ಸಂಸಾರಗಳು

ಇದೇ ಜಿಲ್ಲೆಯ ಮನೆಗಳಿಂದ ಇಂದು ಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಿಗೆ ಹೋಗಿ ಸಂಸಾರ ಹೂಡುತ್ತಿದ್ದಾರೆ. ಅವರು ಇಷ್ಟಪಟ್ಟು ಹೋದವರು, ಶರಾವತಿಯವರು ಎಬ್ಬಿಸಲ್ಪಟ್ಟವರು. ಈ ಭೇದ ಸಣ್ಣದಲ್ಲ. ಆದರೂ ಬಾಗಿಲು ತೆರೆದು ಒಳಹೊಕ್ಕ ಮೊದಲ ರಾತ್ರಿಯ ಒಂಟಿತನ ಇಬ್ಬರಿಗೂ ಒಂದೇ. ಅಲ್ಲಿಯೂ ಸಂಸಾರವನ್ನು ಉಳಿಸುವುದು ಅವೇ ಮೂರು ಸಂಗತಿಗಳು: ಮಾಡುವ ಕೆಲಸದಲ್ಲಿ ನಾಚಿಕೆಯಿಲ್ಲದಿರುವುದು, ಬೇಕಾದಷ್ಟಕ್ಕೇ ನಿಲ್ಲುವುದು, ನೆರೆಯವರೊಡನೆ ಕೊಟ್ಟು ತಂದು ಬಾಳುವುದು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಗುಡಿಯಿಲ್ಲದ ಊರೆಂಬುದಿಲ್ಲ. ಅಂಗೈಯ ಅಗಲದಷ್ಟು ಎಡೆ ಸಾಕು. ಲಂಡನ್ ನಗರದ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆಯ ಅನಾವರಣವಾಯಿತು. ಅದು ಸಂತೋಷದ ವಿಷಯವೇ. ಆದರೆ ಅಲ್ಲಿಯ ಒಂದು ಮನೆಯಲ್ಲಿ ಹೊಸದಾಗಿ ಬಂದ ಮತ್ತೊಬ್ಬ ಪರದೇಶಿಗೆ, ಅವನು ಯಾವ ದೇಶದವನೇ ಆಗಲಿ, ಒಂದು ಹೊತ್ತಿನ ಊಟ ಸಂದರೆ ಬಸವಣ್ಣನವರು ಆ ನಗರದಲ್ಲಿ ಎರಡನೆಯ ಬಾರಿ ನೆಲೆಗೊಂಡಂತೆ.

ಕಡಲಾಚೆ ಇರುವ ಮಗನನ್ನು ಅಲ್ಲಿಯ ಜನ ಹೊರಗಿನವನೆಂದರೆ ಇಲ್ಲಿಯ ತಾಯಿತಂದೆಗಳ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ಬಲ್ಲವರು ತಮ್ಮ ಊರಿನ ಅಂಚಿನಲ್ಲಿರುವ ಮನೆಯವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದೇವೆಂದು ಒಮ್ಮೆ ಕೇಳಿಕೊಳ್ಳಲಿ.

ಗೃಹಸ್ಥರು ಆಚರಣೆಗೆ ತರಬೇಕಾದದ್ದು ಬಹಳವಿಲ್ಲ. ಊರಿಗೆ ಹೊಸ ಸಂಸಾರ ಬಂದ ವಾರದೊಳಗೆ ಆ ಮನೆಯ ಹೊಸ್ತಿಲನ್ನು ಒಮ್ಮೆ ತುಳಿಯತಕ್ಕದ್ದು. ಅವರನ್ನು ಕಳೆದುಕೊಂಡ ಊರಿನ ಹೆಸರಿನಿಂದ ಕರೆಯದೆ ಅವರವರ ಹೆಸರಿನಿಂದ ಕರೆಯತಕ್ಕದ್ದು. ಅಕ್ಷರ ಬಲ್ಲವರು ಅವರ ಅರ್ಜಿಯನ್ನು ಬರೆದುಕೊಟ್ಟು, ಬಿಡುವಿದ್ದವರು ಕಚೇರಿಯವರೆಗೆ ಜೊತೆಗೆ ಹೋಗತಕ್ಕದ್ದು. ಬಂದವರಾದರೂ ಹೊಸ ಮಣ್ಣನ್ನು ಪರರದೆಂದು ಹಳಿಯದೆ, ಅದರಲ್ಲಿ ಒಂದು ಗಿಡವನ್ನು ಮೊಮ್ಮಕ್ಕಳಿಗಾಗಿ ನೆಡತಕ್ಕದ್ದು. ಇಷ್ಟು ನಡೆದ ಊರಿನಲ್ಲಿ ಕೆಲವು ವರ್ಷಗಳು ಕಳೆದ ಮೇಲೆ ಬಂದವರು ಯಾರು, ಇದ್ದವರು ಯಾರು ಎಂದು ಕೇಳಿದರೆ ಉತ್ತರ ಹೇಳಲು ಊರಿನ ಹಿರಿಯರು ತುಸು ಯೋಚಿಸಬೇಕಾಗುವುದು.